ಹಾವು ಒಂದೇ, ವಿಷ ಬೇರೆ: ನಮ್ಮ ಎಎಸ್‌ವಿ ಎಲ್ಲಾ ಕಡೆ ಒಂದೇ ಥರ ಯಾಕೆ ಕೆಲಸ ಮಾಡುವುದಿಲ್ಲ?

ಹಾವು ಕಚ್ಚಿದವರಿಗೆ ನಮ್ಮ ದೇಶದಲ್ಲಿ ಕೊಡುವ ಔಷಧಿ ಒಂದೇ. ಬೀದರಿನಲ್ಲೂ ಅದೇ, ಮಡಿಕೇರಿಯಲ್ಲೂ ಅದೇ, ದೂರದ ಪಂಜಾಬಿನಲ್ಲೂ ಅದೇ. ಆಸ್ಪತ್ರೆಯವರು ಅದನ್ನು ಆಂಟಿ ಸ್ನೇಕ್ ವೆನಮ್, ಚುಟುಕಾಗಿ ಎಎಸ್‌ವಿ ಅಂತಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕು ಹಾವುಗಳ ವಿಷಕ್ಕೆ ಸೇರಿಸಿ ತಯಾರಿಸಿದ ಮದ್ದು. ವಿಷ ಏರಿದ ಲಕ್ಷಣ ಕಂಡರೆ ಸಾಕು, ಈ ನಾಲ್ಕರಲ್ಲಿ ಯಾವುದು ಕಚ್ಚಿತು ಅಂತ ಗೊತ್ತಿಲ್ಲದಿದ್ದರೂ ಕೊಡಬಹುದು. ಅದೇ ಅದರ ದೊಡ್ಡ ಅನುಕೂಲ.

ಆದರೆ ಕೆಲವು ವರ್ಷಗಳಿಂದ ಹಾವಿನ ವಿಷದ ಮೇಲೆ ನಡೆಯುತ್ತಿರುವ ಸಂಶೋಧನೆ ಒಂದು ಮುಜುಗರದ ಪ್ರಶ್ನೆ ಎತ್ತಿದೆ. ಔಷಧಿಗೆ ಬಳಸಿದ ವಿಷ ಯಾವ ಊರಿನ ಹಾವಿನದು? ಕಚ್ಚಿದ ಹಾವು ಯಾವ ಊರಿನದು? ಎರಡೂ ಒಂದೇ ಜಾತಿಯ ಹಾವಾದರೂ ವಿಷ ಒಂದೇ ಆಗಿರಬೇಕು ಅಂತೇನಿಲ್ಲ.

ಇದು ಸುಮ್ನೆ ಪ್ರಯೋಗಾಲಯದ ಕುತೂಹಲ ಅಲ್ಲ. 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58 ಸಾವಿರ. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ಹೊಲದ ಕೆಲಸ ಜೋರಾಗಿರುವ ಮಳೆಗಾಲದಲ್ಲೇ. ಸತ್ತವರಲ್ಲಿ ಕಾಲುಭಾಗಕ್ಕಿಂತ ಜಾಸ್ತಿ 15 ವರ್ಷದೊಳಗಿನ ಮಕ್ಕಳು. ಯಾವ ಹಾವು ಹೆಚ್ಚು ಕಚ್ಚುತ್ತದೆ ಅಂತ ಹಳೆಯ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದಾಗ ಮೊದಲ ಸ್ಥಾನ ಕೊಳಕುಮಂಡಲಕ್ಕೆ, ಶೇ. 43. ಆಮೇಲೆ ಕಟ್ಟುಹಾವು. ನಾವೆಲ್ಲ ಹೆದರುವ ನಾಗರಹಾವಿನದು ಶೇ. 12 ಮಾತ್ರ.

ಈ ಮದ್ದು ಹೇಗೆ ತಯಾರಾಗುತ್ತದೆ ಅಂತ ನೋಡಿದರೆ ತೊಡಕು ಎಲ್ಲಿದೆ ಅಂತ ಗೊತ್ತಾಗುತ್ತದೆ. ವಿಧಾನ 1890ರ ದಶಕದ್ದು. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಶುರು ಮಾಡಿದ್ದು. ಕುದುರೆಗೆ ಹಾವಿನ ವಿಷವನ್ನು ತೀರಾ ಸಣ್ಣ ಪ್ರಮಾಣದಲ್ಲಿ ಚುಚ್ಚುತ್ತಾರೆ. ನಿಧಾನಕ್ಕೆ ಪ್ರಮಾಣ ಏರಿಸುತ್ತಾರೆ. ಕುದುರೆಯ ರಕ್ತದಲ್ಲಿ ಪ್ರತಿಕಾಯಗಳು, ಅಂದರೆ ವಿಷವನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನುಗಳು, ಹುಟ್ಟುತ್ತವೆ. ಆ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ, ಶುದ್ಧ ಮಾಡಿ ಬಾಟಲಿಗೆ ತುಂಬುತ್ತಾರೆ. ಸುಮಾರು 130 ವರ್ಷಗಳಲ್ಲಿ ಶುದ್ಧ ಮಾಡುವ ವಿಧಾನ ಸುಧಾರಿಸಿದೆ, ಮೂಲ ಉಪಾಯ ಬದಲಾಗಿಲ್ಲ. ಕುದುರೆಗೆ ಯಾವ ವಿಷ ಕೊಟ್ಟೆವೋ ಅದಕ್ಕೆ ತಕ್ಕ ಪ್ರತಿಕಾಯವನ್ನೇ ಅದು ಕೊಡುತ್ತದೆ. ಕೊಡದೇ ಇದ್ದ ವಿಷಕ್ಕೆ ಪ್ರತಿಕಾಯ ಎಲ್ಲಿಂದ ಬರಬೇಕು?

ಹಾಗಾದರೆ ಕುದುರೆಗೆ ಕೊಡುವ ವಿಷ ಎಲ್ಲಿಯದು? ಭಾರತದಲ್ಲಿ ಎಎಸ್‌ವಿಗೆ ಬೇಕಾದ ವಿಷದಲ್ಲಿ ಸುಮಾರು ಶೇ. 80ರಷ್ಟು ಬರುವುದು ತಮಿಳುನಾಡಿನ ಒಂದೇ ಜಾಗದಿಂದ. ಮಾಮಲ್ಲಪುರದ ಹತ್ತಿರ ವಡನೆಮ್ಮೇಲಿ ಅಂತ ಊರು. ಅಲ್ಲಿ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ಇದೆ. ಇರುಳರು ತಲೆಮಾರುಗಳಿಂದ ಹಾವು ಹಿಡಿದು ಬದುಕಿದವರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಾವಿನ ಚರ್ಮದ ವ್ಯಾಪಾರ ನಿಂತು ಅವರ ಹೊಟ್ಟೆಪಾಡಿಗೆ ಕುತ್ತಾಯಿತು. ಆಗ ಹಾವು ತಜ್ಞ ರೊಮುಲಸ್ ವಿಟೇಕರ್ ಅವರ ಒತ್ತಾಸೆಯಿಂದ 1978ರಲ್ಲಿ ಈ ಸಂಘ ಹುಟ್ಟಿತು. ಹಾವನ್ನು ಕೊಲ್ಲುವ ಬದಲು ವಿಷ ತೆಗೆದು ಬಿಡುವುದು ಅವರ ಕಸುಬಾಯಿತು.

ಅವರ ಕೆಲಸ ನೋಡಲು ಚೆಂದ. ಹಿಡಿದು ತಂದ ಹಾವುಗಳನ್ನು ಮಣ್ಣಿನ ಮಡಕೆಗಳಲ್ಲಿ ಇಟ್ಟು, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿರುತ್ತಾರೆ. ವಿಷ ತೆಗೆಯುವ ದಿನ ಮಡಕೆಯನ್ನು ಮೆಲ್ಲಗೆ ವಾಲಿಸಿ, ಕೊಕ್ಕೆ ಇರುವ ಕಡ್ಡಿಯಿಂದ ಹಾವನ್ನು ಹೊರಗೆಳೆದು, ತಲೆಯ ಹಿಂದೆ ಹಿಡಿದು, ಬಾಯಿಗೆ ತೆಳು ಪೊರೆ ಬಿಗಿದ ಗಾಜಿನ ಪಾತ್ರೆಯ ಅಂಚಿಗೆ ಕಚ್ಚಿಸುತ್ತಾರೆ. ತಿಳಿ ಹಳದಿ ಹನಿ ಒಳಗೆ ಬೀಳುತ್ತದೆ. ಮೂರು ವಾರದ ಒಳಗೆ ನಾಲ್ಕು ಸಲ ವಿಷ ತೆಗೆದು, ಹೊಟ್ಟೆಯ ಕಡೆಯ ಹುರುಪೆಯಲ್ಲಿ ಸಣ್ಣ ಗುರುತು ಕತ್ತರಿಸಿ ಕಾಡಿಗೆ ಬಿಡುತ್ತಾರೆ. ಮತ್ತೆ ಅದೇ ಹಾವು ಸಿಕ್ಕರೆ ಗೊತ್ತಾಗಲಿ ಅಂತ ಆ ಗುರುತು. ವರ್ಷಕ್ಕೆ ಎಷ್ಟು ಹಾವು ಹಿಡಿಯಬಹುದು ಅಂತ ಅರಣ್ಯ ಇಲಾಖೆ ಮಿತಿ ಹಾಕುತ್ತದೆ. ಇರುಳ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬರಬೇಕಾದದ್ದೇ. ಇವರಿಲ್ಲದಿದ್ದರೆ ನಮ್ಮ ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಎಎಸ್‌ವಿಯೇ ಇರುತ್ತಿರಲಿಲ್ಲ.

ಆದರೆ ಈ ಹಾವುಗಳೆಲ್ಲ ಸಿಗುವುದು ಚೆನ್ನೈ ಸುತ್ತಮುತ್ತಲ ಕೆಲವೇ ಜಿಲ್ಲೆಗಳಲ್ಲಿ. ಇಡೀ ದೇಶದ ಮದ್ದು ಆ ಬಯಲಿನ ಹಾವಿನ ವಿಷದ ಮೇಲೆ ನಿಂತಿದೆ. ತಪ್ಪು ಇರುಳರದ್ದಲ್ಲ. ಉಳಿದ ರಾಜ್ಯಗಳು ಇಂಥ ವ್ಯವಸ್ಥೆ ಕಟ್ಟಲಿಲ್ಲ, ಅಷ್ಟೇ.

ವಿಷ ಅಂದರೆ ಒಂದೇ ವಸ್ತು ಅಂತ ನಾವು ಅಂದುಕೊಂಡಿರುತ್ತೇವೆ. ಅದು ಹತ್ತಾರು ಪ್ರೋಟೀನುಗಳ ಮಿಶ್ರಣ. ಸಾರಿನ ಪುಡಿ ಅಂತ ಹೆಸರು ಒಂದೇ ಇದ್ದರೂ ಮನೆಮನೆಗೂ ಅಳತೆ ಬೇರೆ ಇರುತ್ತದಲ್ವಾ, ಹಾಗೆ. ಕೆಲವು ಪ್ರೋಟೀನು ನರಗಳಿಗೆ ಹೊಡೆತ ಕೊಡುತ್ತವೆ, ಕೆಲವು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ, ಕೆಲವು ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತವೆ. ಯಾವುದು ಎಷ್ಟಿರಬೇಕು ಅನ್ನುವುದು ಹಾವು ಏನು ತಿನ್ನುತ್ತದೆ, ಎಂಥ ಹವೆಯಲ್ಲಿ ಬದುಕುತ್ತದೆ, ಅದರ ವಯಸ್ಸು ಎಷ್ಟು ಅನ್ನುವುದರ ಮೇಲೆ ಬದಲಾಗುತ್ತದೆ. ಕೊಳಕುಮಂಡಲದ ಮರಿ ಹಲ್ಲಿ, ಓತಿಕ್ಯಾತ ತಿಂದು ಬೆಳೆಯುತ್ತದೆ. ದೊಡ್ಡದಾದ ಮೇಲೆ ಇಲಿ ಹೆಗ್ಗಣದ ಹಿಂದೆ ಬೀಳುತ್ತದೆ. ಬೇಟೆ ಬದಲಾದ ಹಾಗೆ ವಿಷವೂ ಬದಲಾದರೆ ಆಶ್ಚರ್ಯ ಏನಿಲ್ಲ.

ಇದನ್ನು ಲೆಕ್ಕ ಹಾಕಿ ತೋರಿಸಿದ್ದು ಬೆಂಗಳೂರಿನವರೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಕಾರ್ತಿಕ್ ಸುನಗರ್ ಅವರ ತಂಡ ವರ್ಷಗಳಿಂದ ಇದೇ ಕೆಲಸ ಮಾಡುತ್ತಿದೆ. 2019ರಲ್ಲಿ ಅವರು ‘ನಾಲ್ಕು ದೊಡ್ಡವರ’, ಅಂದರೆ ಮೊದಲು ಹೇಳಿದ ಆ ನಾಲ್ಕು ಹಾವುಗಳ, ಪಟ್ಟಿಯಲ್ಲಿಲ್ಲದ ವಿಷದ ಹಾವುಗಳನ್ನು ಪರೀಕ್ಷಿಸಿದರು. ಸಿಂಧ್ ಕಟ್ಟುಹಾವು, ಪಟ್ಟೆ ಕಟ್ಟುಹಾವು, ಪೂರ್ವ ಭಾರತದ ಒಂದು ಕಣ್ಣಿನ ಗುರುತಿನ ನಾಗರ ಇತ್ಯಾದಿ. ಇವಕ್ಕೆಲ್ಲ ನಮ್ಮ ಎಎಸ್‌ವಿ ಸರಿಯಾಗಿ ನಾಟಲಿಲ್ಲ. ಇನ್ನೂ ಕುತೂಹಲದ ವಿಷಯ ಏನೆಂದರೆ ಆ ನಾಗರದ್ದೇ ಪಶ್ಚಿಮ ಬಂಗಾಳದ ಹಾವಿನ ವಿಷಕ್ಕೂ ಅರುಣಾಚಲದ ಹಾವಿನ ವಿಷಕ್ಕೂ ಹೋಲಿಕೆಯೇ ಕಡಿಮೆ. ಒಂದರಲ್ಲಿ ನರಕ್ಕೆ ಹೊಡೆಯುವ ಅಂಶ ಜಾಸ್ತಿ, ಇನ್ನೊಂದರಲ್ಲಿ ಜೀವಕೋಶ ಕೊಲ್ಲುವ ಅಂಶ ಜಾಸ್ತಿ.

2021ರಲ್ಲಿ ಅದೇ ತಂಡ ಪಟ್ಟಿಯಲ್ಲಿರುವ ಹಾವುಗಳ ಕಡೆಗೇ ತಿರುಗಿತು. ಮಾಮೂಲಿ ನಾಗರಹಾವು, ಮಾಮೂಲಿ ಕೊಳಕುಮಂಡಲ. ದೇಶದ ಬೇರೆ ಬೇರೆ ಭಾಗಗಳಿಂದ ವಿಷ ತಂದು ಇಲಿಗಳ ಮೇಲೆ ಮದ್ದನ್ನು ಪರೀಕ್ಷಿಸಿದಾಗ ಕೆಲವು ಕಡೆಯ ಹಾವಿನ ವಿಷಕ್ಕೆ ಅದು ಸಾಲಲಿಲ್ಲ. 2025ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. 34 ಜಾಗಗಳಿಂದ 115 ಕೊಳಕುಮಂಡಲಗಳ ವಿಷ ತೆಗೆದು, ಆಯಾ ಜಾಗದ ಉಷ್ಣತೆ, ಮಳೆಯ ಜೊತೆ ತಾಳೆ ನೋಡಿದರು. ಒಣ ಪ್ರದೇಶದ ಹಾವುಗಳಲ್ಲಿ ಪ್ರೋಟೀನು ಕತ್ತರಿಸುವ ಕಿಣ್ವಗಳ ಚಟುವಟಿಕೆ ಹೆಚ್ಚು ಕಂಡುಬಂತು. ಅಂದರೆ ಒಂದು ಊರಿನ ಹವೆ ನೋಡಿ ಅಲ್ಲಿಯ ಕೊಳಕುಮಂಡಲದ ವಿಷ ಸುಮಾರಾಗಿ ಹೇಗಿರಬಹುದು ಅಂತ ಊಹಿಸಬಹುದು. ಹವೆಯೊಂದೇ ಎಲ್ಲವನ್ನೂ ಹೇಳುವುದಿಲ್ಲ, ಆದರೆ ಎಲ್ಲಿ ಹುಡುಕಬೇಕು ಅನ್ನುವುದಕ್ಕೆ ನಕ್ಷೆ ಸಿಕ್ಕ ಹಾಗಾಯಿತು.

ಈ ವ್ಯತ್ಯಾಸ ಆಸ್ಪತ್ರೆಯಲ್ಲಿ ಹೇಗೆ ಕಾಣುತ್ತದೆ? ಕೊಳಕುಮಂಡಲ ಕಚ್ಚಿದವರಿಗೆ ಮಾಡುವ ಪರೀಕ್ಷೆ ತುಂಬಾ ಸರಳ. ಎರಡು ಎಂ.ಎಲ್. ರಕ್ತ ತೆಗೆದು, ಚೊಕ್ಕಟವಾದ, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, ಅಲ್ಲಾಡಿಸದೆ 20 ನಿಮಿಷ ಬಿಡುತ್ತಾರೆ. ಟ್ಯೂಬು ಗಾಜಿನದೇ ಆಗಬೇಕು, ಪ್ಲಾಸ್ಟಿಕ್ ನಡೆಯುವುದಿಲ್ಲ. ಸೋಪಿನ ಪುಡಿ ಹಾಕಿ ತೊಳೆದ ಟ್ಯೂಬೂ ಬೇಡ. 20 ನಿಮಿಷ ಆದ ಮೇಲೆ ಒಮ್ಮೆ ಓರೆ ಮಾಡಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟಿದ್ದರೆ ಅಲ್ಲೇ ನಿಲ್ಲುತ್ತದೆ. ನೀರಿನಂತೆ ಹರಿದು ಬಂದರೆ ವಿಷ ಕೆಲಸ ಮಾಡುತ್ತಿದೆ ಅಂತ ಅರ್ಥ. ಕೂಡಲೇ ಎಎಸ್‌ವಿ ಶುರು. ಮೊದಲ ಡೋಸು 8ರಿಂದ 10 ವಯಲ್, ಅಂದರೆ ಮದ್ದಿನ ಸಣ್ಣ ಬಾಟಲಿ. ಆರು ಗಂಟೆ ಬಿಟ್ಟು ಮತ್ತೆ ಅದೇ ಪರೀಕ್ಷೆ, ಯಾಕೆಂದರೆ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು.

ಈ ಹತ್ತು ವಯಲ್ ಎಲ್ಲಿಂದ ಬಂತು ಅಂತ ನೋಡಿ. ಒಂದು ವಯಲ್ ಅಂದರೆ 10 ಎಂ.ಎಲ್. ಒಂದು ಎಂ.ಎಲ್. ಮದ್ದು 0.6 ಮಿಲಿಗ್ರಾಂ ಕೊಳಕುಮಂಡಲದ ವಿಷವನ್ನು ತಟಸ್ಥ ಮಾಡಬೇಕು ಅನ್ನುವುದು ನಿಯಮ. ನಾಗರಹಾವಿಗೂ ಅಷ್ಟೇ. ಕಟ್ಟುಹಾವು, ಗರಗಸಮಂಡಲಕ್ಕೆ 0.45. ಕೊಳಕುಮಂಡಲ ಒಂದು ಸಲ ಕಚ್ಚಿದರೆ ಸರಾಸರಿ 63 ಮಿಲಿಗ್ರಾಂ ವಿಷ ಇಳಿಸುತ್ತದೆ. ಹತ್ತು ವಯಲ್ ಅಂದರೆ 100 ಎಂ.ಎಲ್., ಅದು 60 ಮಿಲಿಗ್ರಾಂ ವಿಷಕ್ಕೆ ಸಾಕು. ಕಾಗದದ ಮೇಲೆ ಲೆಕ್ಕ ಸರಿಹೋಯಿತು. ಆದರೆ ಈ 0.6 ಅನ್ನುವ ಸಂಖ್ಯೆ ನಿಂತಿರುವುದು ಕಂಪನಿ ಪರೀಕ್ಷೆಗೆ ಬಳಸಿದ ವಿಷದ ಮೇಲೆ. ನಮ್ಮ ಊರಿನ ಹಾವಿನ ವಿಷದ ಎದುರು ಅದು 0.3 ಆಗಿಬಿಟ್ಟರೆ ಹತ್ತು ವಯಲಿನ ಜಾಗದಲ್ಲಿ ಇಪ್ಪತ್ತು ಬೇಕು. ಆರು ಗಂಟೆ ಕಾದು ಟ್ಯೂಬು ಓರೆ ಮಾಡಿದಾಗ ರಕ್ತ ಇನ್ನೂ ಹರಿಯುತ್ತಲೇ ಇರುತ್ತದೆ. ಅಷ್ಟರಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರುತ್ತದೆ. ಮದ್ದು ಜಾಸ್ತಿ ಕೊಟ್ಟರೆ ಆಯಿತಲ್ಲ ಅನ್ನಬಹುದು. ಕುದುರೆಯ ಪ್ರೋಟೀನು ನಮ್ಮ ಮೈಗೆ ಹೊರಗಿನದು. ಕೆಲವರಿಗೆ ಜೀವಕ್ಕೇ ಅಪಾಯ ತರುವ ಅಲರ್ಜಿ ಆಗುತ್ತದೆ. ಅದಕ್ಕೇ ಪಕ್ಕದಲ್ಲಿ ಅಡ್ರಿನಲಿನ್ ಸಿದ್ಧ ಇಟ್ಟುಕೊಂಡೇ ಕೊಡುವುದು. ಮೇಲಾಗಿ ಆ ಬಾಟಲಿಯಲ್ಲಿರುವ ಪ್ರತಿಕಾಯಗಳಲ್ಲಿ ವಿಷಕ್ಕೆ ಸಂಬಂಧಪಟ್ಟವು ಒಂದು ಪಾಲು ಮಾತ್ರ. ಕುದುರೆ ತನ್ನ ಜೀವಮಾನದಲ್ಲಿ ಕಂಡ ಬ್ಯಾಕ್ಟೀರಿಯಾ, ವೈರಸ್ಸುಗಳ ವಿರುದ್ಧದ ಪ್ರತಿಕಾಯಗಳೂ ಜೊತೆಗೆ ಬಂದಿರುತ್ತವೆ.

ಇದನ್ನು ಓದಿ ‘ಹಾಗಾದರೆ ಎಎಸ್‌ವಿ ದಂಡ’ ಅಂತ ಯಾರಾದರೂ ನಾಟಿ ಔಷಧಿಗೆ ಓಡಿದರೆ ಅದಕ್ಕಿಂತ ದೊಡ್ಡ ಅನಾಹುತ ಇಲ್ಲ. ಈಗ ಇರುವ ಮದ್ದಿನಲ್ಲಿ ಜೀವ ಉಳಿಸುವುದು ಇದೊಂದೇ. ಬಿಗಿಯಾಗಿ ಕಟ್ಟು ಹಾಕಬೇಡಿ, ಕೊಯ್ಯಬೇಡಿ, ಕಾಲು ಅಲ್ಲಾಡದ ಹಾಗೆ ಮಾಡಿ ಆಸ್ಪತ್ರೆಗೆ ಹೋಗಿ. ಹಾವು ಹೊಡೆದು ಚೀಲದಲ್ಲಿ ಹಾಕಿಕೊಂಡು ಹೋಗುವ ಅಗತ್ಯವೂ ಇಲ್ಲ. ಕಟ್ಟುಹಾವು, ಕರಾವಳಿ ಕಡೆಯವರ ಕಡಂಬಳ, ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚಿದರೆ ನೋವೇ ಗೊತ್ತಾಗುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವು ಅಂತ ಎದ್ದು, ಆಮೇಲೆ ಕಣ್ಣಿನ ರೆಪ್ಪೆ ಇಳಿಬೀಳುತ್ತದೆ. ಒಮ್ಮೆ ಅದರ ವಿಷ ನರದ ತುದಿಯನ್ನು ಹಾಳು ಮಾಡಿದ ಮೇಲೆ ಎಎಸ್‌ವಿ ಅದನ್ನು ರಿಪೇರಿ ಮಾಡಲಾರದು. ಆಗ ಕಾಪಾಡುವುದು ವೆಂಟಿಲೇಟರ್.

ಕರ್ನಾಟಕಕ್ಕೆ ಈ ಪ್ರಶ್ನೆ ಉಳಿದವರಿಗಿಂತ ಹತ್ತಿರದ್ದು. ಒಂದೇ ರಾಜ್ಯದಲ್ಲಿ ಕರಾವಳಿ, ಮಲೆನಾಡು, ಬಯಲುಸೀಮೆ ಮೂರೂ ಇವೆ. ಮಲೆನಾಡಿನ ಕಾಫಿ, ಅಡಿಕೆ ತೋಟಗಳಲ್ಲಿ ಹಂಪ್ ನೋಸ್ಡ್ ಪಿಟ್ ವೈಪರ್ ಅನ್ನುವ ಒಂದು ಪುಟ್ಟ ಗುಳಿಮಂಡಲ ಇದೆ. ಮೂಗಿನ ತುದಿ ಮೇಲಕ್ಕೆ ಉಬ್ಬಿರುತ್ತದೆ, ಒಣಗಿದ ಎಲೆಯ ನಡುವೆ ಕಣ್ಣಿಗೇ ಬೀಳುವುದಿಲ್ಲ. ಇದು ಕಚ್ಚಿ ಮೂತ್ರಪಿಂಡ ಹಾಳಾದ ಪ್ರಕರಣಗಳು ಕೇರಳದಲ್ಲಿ 2007ರಲ್ಲಿ ವರದಿಯಾದವು. ಅದಕ್ಕೆ ಮುಂಚೆ ವೈದ್ಯರು ಅದನ್ನು ಗರಗಸಮಂಡಲ ಅಂದುಕೊಂಡು ಎಎಸ್‌ವಿ ಕೊಡುತ್ತಿದ್ದರು. ಈ ಹಾವು ನಾಲ್ಕರ ಪಟ್ಟಿಯಲ್ಲಿಲ್ಲ. ಅದರ ವಿಷಕ್ಕೆ ನಮ್ಮಲ್ಲಿ ಮದ್ದೇ ಇಲ್ಲ. ಪ್ರಯೋಜನ ಇಲ್ಲದ ಔಷಧಿಯ ಅಲರ್ಜಿಯ ಅಪಾಯ ಮಾತ್ರ ರೋಗಿಯ ಪಾಲಿಗೆ.

ಕಾಳಿಂಗ ಸರ್ಪದ ಕಥೆಯೂ ಇಲ್ಲಿ ಬರುತ್ತದೆ. 1836ರಲ್ಲಿ ಕ್ಯಾಂಟರ್ ಬಂಗಾಳದ ಹಾವು ನೋಡಿ ಹೆಸರಿಟ್ಟ ಮೇಲೆ ಸುಮಾರು 185 ವರ್ಷ ಏಷ್ಯಾದ ಕಾಳಿಂಗಗಳೆಲ್ಲ ಒಂದೇ ಜಾತಿ ಅಂತಲೇ ಬಹುಪಾಲು ತಜ್ಞರು ನಂಬಿದ್ದರು. ಆಗುಂಬೆ ಸೀಮೆಯಲ್ಲಿ ಕಾಳಿಂಗದ ಹಿಂದೆ ಬಿದ್ದಿದ್ದ ಪಿ. ಗೌರಿಶಂಕರ್ ಮತ್ತು ಸಂಗಡಿಗರು 2021ರಲ್ಲಿ ಡಿಎನ್‌ಎ ಆಧಾರದ ಮೇಲೆ ಅದನ್ನು ಪ್ರಶ್ನಿಸಿದರು. 2024ರಲ್ಲಿ ಅದು ನಾಲ್ಕು ಜಾತಿ ಅಂತ ಪ್ರಕಟವಾಯಿತು. ಪಶ್ಚಿಮ ಘಟ್ಟದ್ದು ಈಗ ಓಫಿಯೋಫ್ಯಾಗಸ್ ಕಾಳಿಂಗ. ಮೈಮೇಲಿನ ತಿಳಿ ಪಟ್ಟೆ ಎಣಿಸಿದರೆ ನಮ್ಮದಕ್ಕೆ 40ಕ್ಕಿಂತ ಕಡಿಮೆ, ಉತ್ತರದ್ದಕ್ಕೆ 50ರಿಂದ 70. ಪಟ್ಟೆ ಎಣಿಸಿ ಏನು ಉಪಯೋಗ ಅಂತ ಕೇಳುವವರು ಇದ್ದೇ ಇರುತ್ತಾರೆ. ಕಾಳಿಂಗದ ವಿಷಕ್ಕೆ ಮದ್ದು ತಯಾರಾಗುವುದು ಥಾಯ್ಲೆಂಡಿನಲ್ಲಿ, ಅಲ್ಲಿಯ ಹಾವಿನಿಂದ. ಅದು ಘಟ್ಟದ ಹಾವಿಗೆ ಎಷ್ಟು ನಾಟುತ್ತದೆ ಅನ್ನುವ ಪ್ರಶ್ನೆ ಕೇಳಬೇಕಾದರೆ ಮೊದಲು ಎರಡೂ ಬೇರೆ ಅಂತ ಗೊತ್ತಿರಬೇಕಲ್ಲ. ಕಾಳಿಂಗ ಕಚ್ಚುವುದು ಅಪರೂಪ, ಅದು ಬೇರೆ ಮಾತು.

ಪರಿಹಾರ ಏನು? ‘ಎಲ್ಲಾ ಕಡೆಯ ವಿಷ ತಂದು ಒಂದೇ ಕುದುರೆಗೆ ಕೊಡಿ’ ಅನ್ನುವುದು ಮೊದಲು ಹೊಳೆಯುವ ಉಪಾಯ. ಅದರಲ್ಲಿ ಒಂದು ತೊಡಕಿದೆ. ವಿಷಗಳ ಸಂಖ್ಯೆ ಏರಿದ ಹಾಗೆ ಒಂದೊಂದು ವಿಷದ ವಿರುದ್ಧ ಸಿಗುವ ಪ್ರತಿಕಾಯದ ಪಾಲು ತೆಳುವಾಗುತ್ತದೆ. ಆಗ ಮತ್ತೆ ವಯಲ್ ಜಾಸ್ತಿ ಬೇಕು. ಪ್ರತಿ ಪ್ರದೇಶಕ್ಕೂ ಬೇರೆ ಮದ್ದು ಮಾಡಿದರೆ ಗುಣ ಹೆಚ್ಚುತ್ತದೆ, ಆದರೆ ಮಾರುಕಟ್ಟೆ ಚಿಕ್ಕದಾಗುತ್ತದೆ. ಹಾವು ಕಚ್ಚಿಸಿಕೊಳ್ಳುವವರು ಬಡ ರೈತರು, ಕೂಲಿಯವರು. ಅವರ ಪರವಾಗಿ ಕೊಳ್ಳುವುದು ಸರ್ಕಾರ. ಟೆಂಡರಿನಲ್ಲಿ ಕಡಿಮೆ ದರ ಹಾಕಿದವರಿಗೆ ಆರ್ಡರ್. ಇಂಥ ಕಡೆ ಯಾವ ಕಂಪನಿ ತಾನಾಗಿ ಮಲೆನಾಡಿನ ಹಾವು ಹುಡುಕಿಕೊಂಡು ಬರುತ್ತದೆ?

ಪ್ರಯೋಗಾಲಯದಲ್ಲಿ ಕುದುರೆಯನ್ನೇ ಬಿಟ್ಟುಬಿಡುವ ಪ್ರಯತ್ನ ನಡೆದಿದೆ. 2024ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಮತ್ತು ನಮ್ಮ ವಿಜ್ಞಾನ ಸಂಸ್ಥೆಯವರು ಸೇರಿ, ನರಕ್ಕೆ ಹೊಡೆಯುವ ಒಂದು ಬಗೆಯ ವಿಷಾಂಶವನ್ನು ಹಲವು ಹಾವುಗಳಲ್ಲಿ ತಡೆಯುವ ಕೃತಕ ಪ್ರತಿಕಾಯ ಕಂಡುಹಿಡಿದರು. 2025ರ ಜನವರಿಯಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಬೇಕರ್ ಅವರ ತಂಡ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿದ ಪುಟ್ಟ ಪ್ರೋಟೀನುಗಳು ಅದೇ ಬಳಗದ ವಿಷಾಂಶವನ್ನು ಕಟ್ಟಿಹಾಕಿದವು. ಮೇ ತಿಂಗಳಲ್ಲಿ ಬಂದ ಸುದ್ದಿ ನಿಮಗೆ ನೆನಪಿರಬಹುದು. ಟಿಮ್ ಫ್ರೀಡಿ ಅನ್ನುವ ಅಮೆರಿಕದವರು ವರ್ಷಗಟ್ಟಲೆ ಬೇಕಂತಲೇ ಇನ್ನೂರಕ್ಕೂ ಹೆಚ್ಚು ಸಲ ಹಾವಿನಿಂದ ಕಚ್ಚಿಸಿಕೊಂಡವರು. ಅವರ ರಕ್ತದಿಂದ ಪಡೆದ ಎರಡು ಪ್ರತಿಕಾಯಗಳ ಜೊತೆ ವರೆಸ್ಪ್ಲಾಡಿಬ್ ಎಂಬ ಔಷಧಿ ಸೇರಿಸಿ 19 ಜಾತಿಯ ಹಾವುಗಳ ವಿಷಕ್ಕೆ ಪರೀಕ್ಷಿಸಿದರು. ಇಲಿಗಳಿಗೆ 13ರಿಂದ ಪೂರ್ತಿ, 6ರಿಂದ ಅರೆಬರೆ ರಕ್ಷಣೆ ಸಿಕ್ಕಿತು.

ಟಿವಿಯವರು ಇದನ್ನು ‘ಎಲ್ಲಾ ಹಾವಿಗೂ ಒಂದೇ ಮದ್ದು’ ಅಂತ ಹೇಳಿ ಮುಗಿಸಿದರು. ಆ 19 ಹಾವುಗಳೂ ನಾಗರಹಾವು, ಕಟ್ಟುಹಾವಿನ ಕುಟುಂಬದವು. ಮಂಡಲದ ಹಾವು ಅದರಲ್ಲಿ ಒಂದೂ ಇಲ್ಲ. ಮೇಲೆ ಹೇಳಿದ ಇನ್ನೆರಡು ಸಂಶೋಧನೆಗಳ ಗುರಿಯೂ ಹೆಚ್ಚಾಗಿ ಆ ಕುಟುಂಬವೇ. ನಮ್ಮಲ್ಲಿ ಅತಿ ಹೆಚ್ಚು ಕಚ್ಚುವ ಕೊಳಕುಮಂಡಲಕ್ಕೆ ಇವುಗಳಿಂದ ಸದ್ಯಕ್ಕೆ ಏನೂ ಆಗುವುದಿಲ್ಲ. ಮಂಡಲದ ವಿಷದಲ್ಲಿ ದೊಡ್ಡ ದೊಡ್ಡ ಕಿಣ್ವಗಳು ಬಹಳ, ಅವನ್ನು ಒಂದೆರಡು ಪ್ರತಿಕಾಯದಿಂದ ಹಿಡಿಯುವುದು ಕಷ್ಟ. ಹಾಗಾಗಿ ಇನ್ನೂ ಹಲವು ವರ್ಷ ಕುದುರೆಯ ಮದ್ದೇ ಗತಿ ಅಂತ ನನ್ನ ಅಂದಾಜು. ಅದನ್ನೇ ಸುಧಾರಿಸುವುದು ಜಾಣತನ. ಬೇರೆ ಬೇರೆ ಭಾಗಗಳಲ್ಲಿ ವಿಷ ಸಂಗ್ರಹ ಕೇಂದ್ರ ಬೇಕು ಅನ್ನುವ ಮಾತು ಸುಮಾರು ವರ್ಷಗಳಿಂದ ಇದೆ. ಟೆಂಡರಿನಲ್ಲಿ ದರದ ಜೊತೆ ‘ಈ ರಾಜ್ಯದ ಹಾವಿನ ವಿಷದ ಎದುರು ಪರೀಕ್ಷಿಸಿರಬೇಕು’ ಅಂತ ಒಂದು ಸಾಲು ಸೇರಿಸಿದರೂ ಕಂಪನಿಗಳ ಲೆಕ್ಕ ಬದಲಾಗುತ್ತದೆ.

ಒಂದು ಕಹಿ ಸತ್ಯ ಇದರ ಜೊತೆಗೇ ಹೇಳಬೇಕು. 2020ರ ಅಧ್ಯಯನದಲ್ಲಿ ಸತ್ತವರ ಪೈಕಿ ಶೇ. 77 ಮಂದಿ ಸತ್ತದ್ದು ಆಸ್ಪತ್ರೆಯ ಹೊರಗೆ. ಮದ್ದು ಎಷ್ಟೇ ಚೆನ್ನಾದರೂ ಅವರನ್ನು ಮುಟ್ಟುವುದಿಲ್ಲ. ಆಸ್ಪತ್ರೆಯಲ್ಲಿ ಸತ್ತವರ ಲೆಕ್ಕವೂ ಸರಿಯಾಗಿಲ್ಲ. 2003ರಿಂದ 2015ರವರೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸತ್ತವರು 15,500 ಅಂತ ಸರ್ಕಾರ ಹೇಳಿದರೆ, ಅಧ್ಯಯನದ ಅಂದಾಜು 1,54,000. ಹತ್ತು ಪಟ್ಟು ವ್ಯತ್ಯಾಸ. ಇಲ್ಲದ ಸಾವಿಗೆ ಯಾರು ಬಜೆಟ್ ಕೊಡುತ್ತಾರೆ ಹೇಳಿ?

ಈ ವಿಷಯದಲ್ಲಿ ಕರ್ನಾಟಕ ಮುಂದೆ ಹೋಗಿದೆ. 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು. ಸರ್ಕಾರಿ ಆಸ್ಪತ್ರೆಯ ಜೊತೆ ಖಾಸಗಿಯವರೂ ಲೆಕ್ಕ ಕೊಡಬೇಕು. ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವ ಯೋಜನೆ ಪ್ರಕಟಿಸಿತು. ನವೆಂಬರ್‌ನಲ್ಲಿ ಉಳಿದ ರಾಜ್ಯಗಳಿಗೂ ಇದೇ ರೀತಿ ಮಾಡಿ ಅಂತ ಪತ್ರ ಬರೆಯಿತು. ವರದಿ ಕಡ್ಡಾಯ ಆದ ಮೇಲೆ ಪ್ರಕರಣಗಳ ಸಂಖ್ಯೆ ಏರಲೇಬೇಕು. ಅದನ್ನು ನೋಡಿ ‘ಹಾವು ಜಾಸ್ತಿಯಾಗಿವೆ’ ಅಂತ ಪತ್ರಿಕೆಗಳು ಬರೆಯದಿದ್ದರೆ ಸಾಕು.

ನನ್ನ ಮಟ್ಟಿಗೆ ಆ ವರದಿಯಲ್ಲಿ ಪ್ರಕರಣದ ಸಂಖ್ಯೆಗಿಂತ ಮುಖ್ಯವಾದ ಕಾಲಂಗಳು ಇವೆ: ಯಾವ ತಾಲ್ಲೂಕು, ಯಾವ ಹಾವು, ಯಾವ ಕಂಪನಿಯ ಮದ್ದು, ಎಷ್ಟು ವಯಲ್ ಹೋಯಿತು, ಎಷ್ಟು ಗಂಟೆಯ ಮೇಲೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿತು. ಇಷ್ಟನ್ನು ಎರಡು ಮಳೆಗಾಲ ಸರಿಯಾಗಿ ಬರೆದಿಟ್ಟರೆ ಕೊಳಕುಮಂಡಲಕ್ಕೆ ಮಂಡ್ಯದಲ್ಲಿ ಹತ್ತು ವಯಲ್ ಸಾಕಾಗುತ್ತದೋ, ರಾಯಚೂರಿನಲ್ಲಿ ಇಪ್ಪತ್ತು ಬೇಕಾಗುತ್ತದೋ ಅಂತ ಗೊತ್ತಾಗುತ್ತದೆ. ವಿಷ ಮೊದಲು ಯಾವ ಜಿಲ್ಲೆಯ ಹಾವಿನಿಂದ ತೆಗೆಯಬೇಕು ಅನ್ನುವ ಪಟ್ಟಿಯೂ ಅದರಿಂದಲೇ ತಯಾರಾಗುತ್ತದೆ.